ಕಲಾಯಿ ಅಂಗಡಿಗೆ ಬಂದ ಪ್ರಮಾಣಪತ್ರ

ಆಫೀಸಿನಲ್ಲಿ ಅವಳಿಗೆ ಜರಡಿ ಅಂತ ಹೆಸರು. ಎದುರಿಗೆ ಜರಡಿಯಕ್ಕ, ಬೆನ್ನ ಹಿಂದೆ ಬರೀ ಜರಡಿ. ಕೆಲಸಕ್ಕೆ ಸೇರಿದ ಹೊಸದರಲ್ಲಿ ಕೈಗೆ ಬಂದ ಒಂದೊಂದು ಉತ್ತರವನ್ನೂ ಸೋಸಿ, ಕಲ್ಲು ಸಿಕ್ಕರೆ ಕಳಿಸಿದವರ ಮುಖಕ್ಕೇ ವಾಪಸು ಎಸೆಯುತ್ತಿದ್ದಳು, ಅದಕ್ಕೆ ಆ ಹೆಸರು ಬಂದದ್ದು. ಈಗ ಆ ಜರಡಿಯ ಕಣ್ಣುಗಳು ಎಷ್ಟು ಅಗಲವಾಗಿದ್ದವೆಂದರೆ ಕಲ್ಲೇನು, ಬಂಡೆಯೇ ಇಳಿದು ಹೋಗುತ್ತಿತ್ತು. ಇದನ್ನು ಯಾರೂ ಅವಳಿಗೆ ಹೇಳಬೇಕಾಗಿರಲಿಲ್ಲ. ಬೆಳಗ್ಗೆ ಹಲ್ಲುಜ್ಜುವಾಗ ಕನ್ನಡಿಯಲ್ಲಿ ತನ್ನ ಮುಖ ಕಂಡು, ಪೇಸ್ಟಿನ ಜೊತೆ ಬೇರೆ ಏನನ್ನೋ ಉಗಿಯಬೇಕು ಅಂತ ಅವಳಿಗೆ ಎಷ್ಟೋ ಸಲ ಅನ್ನಿಸುತ್ತಿತ್ತು.

ಅವಳ ಕೆಲಸ ಏನೆಂದರೆ, ಕೇಳುವುದು. ಕಂಪನಿ ಬೆಸುಗೆ ತಂತಿ ತಯಾರಿಸುತ್ತಿತ್ತು. ಫೋನು, ಟಿವಿ, ಕಂಪ್ಯೂಟರು ಯಾವುದನ್ನೇ ಬಿಚ್ಚಿ ನೋಡಿ, ಒಳಗಿನ ಹಸಿರು ಹಲಗೆಯ ಮೇಲೆ ಸಾಸಿವೆ ಕಾಳಿನಷ್ಟು ಹೊಳೆಯುವ ಚುಕ್ಕಿಗಳಿರುತ್ತವಲ್ಲ, ಅದು ಬೆಸುಗೆ. ಅದರ ಜೀವ ತವರ. ತವರದ ಅದಿರು ಸಿಗುವ ಕೆಲವು ಗುಡ್ಡಗಳ ಮೇಲೆ ಬಂದೂಕು ಹಿಡಿದವರು ಕೂತಿರುತ್ತಾರೆ. ಊರಿನವರನ್ನು ಹೊಡೆದು ಬಡಿದು ಅಗೆಸುತ್ತಾರೆ, ಅಗೆದದ್ದನ್ನು ಮಾರಿ ಇನ್ನಷ್ಟು ಬಂದೂಕು ಕೊಳ್ಳುತ್ತಾರೆ. ಇದು ಹೇಗೋ ಫೋನು ಕೊಳ್ಳುವವರ ಕಿವಿಗೆ ಬಿದ್ದು ಅವರಿಗೆ ಇರಿಸುಮುರಿಸಾಯಿತು. ಅವರ ಇರಿಸುಮುರಿಸು ಕಳೆಯಲೆಂದು ದೊಡ್ಡ ಕಂಪನಿಗಳು ಒಂದು ಪ್ರಶ್ನೆ ಹುಟ್ಟುಹಾಕಿದವು: ನಿಮ್ಮ ತವರ ಯಾವ ಕುಲುಮೆಯಲ್ಲಿ ಕರಗಿದ್ದು, ಆ ಕುಲುಮೆಗೆ ಅದಿರು ಎಲ್ಲಿಂದ ಬಂದದ್ದು? ಫೋನಿನವರು ಹಲಗೆಯವರನ್ನು ಕೇಳಿದರು, ಹಲಗೆಯವರು ಬೆಸುಗೆಯವರನ್ನು ಕೇಳಿದರು. ಬೆಸುಗೆಯವರಲ್ಲಿ ಆ ಪ್ರಶ್ನೆ ಬಂದು ಬೀಳುತ್ತಿದ್ದದ್ದು ಮೂರನೆಯ ಮಹಡಿಯಲ್ಲಿ, ಶೌಚಾಲಯದ ಪಕ್ಕದ ಕೋಣೆಯಲ್ಲಿ, ಇವಳ ಮೇಜಿನ ಮೇಲೆ. ಇವಳು ತವರ ಮಾರುವ ವ್ಯಾಪಾರಿಗಳನ್ನು ಕೇಳುತ್ತಿದ್ದಳು. ಅವರು ತಮ್ಮ ಕೆಳಗಿನವರನ್ನು ಕೇಳಿದ್ದೇವೆ ಅನ್ನುತ್ತಿದ್ದರು.

ಬರುತ್ತಿದ್ದ ಉತ್ತರಗಳೆಲ್ಲ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ‘ನಮಗೆ ತಿಳಿದಿರುವ ಮಟ್ಟಿಗೆ ಅಂಥದ್ದೇನೂ ಇಲ್ಲ.’ ಏನನ್ನೂ ತಿಳಿದುಕೊಳ್ಳದೆ ಇರುವುದಕ್ಕೇ ಸಂಬಳ ಕೊಟ್ಟು ಜನರನ್ನು ಇಟ್ಟುಕೊಂಡವರಿಗೆ ತಿಳಿದಿರುವ ಮಟ್ಟ ಎಷ್ಟಿದ್ದೀತು? ಮೊದಮೊದಲು ಇವಳು ಬಿಡದೆ ಬೆನ್ನು ಹತ್ತುತ್ತಿದ್ದಳು. ಆಮೇಲೆ ಮ್ಯಾನೇಜರು ಕರೆದು, ಉತ್ತರ ಬಂತೋ ಇಲ್ಲವೋ ಅಷ್ಟನ್ನು ನೋಡಿದರೆ ಸಾಕು, ಉತ್ತರದೊಳಗೆ ಏನಿದೆ ಅಂತ ಕೆದಕುತ್ತ ಕೂತರೆ ಸರಕು ಗೋದಾಮಿನಲ್ಲೇ ಕೊಳೆಯುತ್ತದೆ ಅಂತ ನಯವಾಗಿ ಹೇಳಿದ. ವರ್ಷಕ್ಕೊಮ್ಮೆ ಕಂಪನಿ ಹೊಳಪು ಕಾಗದದ ಪುಸ್ತಕವೊಂದನ್ನು ಅಚ್ಚು ಹಾಕಿಸುತ್ತಿತ್ತು. ನಮ್ಮ ತವರದ ಹೆಜ್ಜೆಹೆಜ್ಜೆಯೂ ನಮಗೆ ಗೊತ್ತು ಅಂತ ಮೊದಲ ಪುಟದಲ್ಲೇ ಇರುತ್ತಿತ್ತು. ಮುಖಪುಟದ ಮೇಲೆ ಹಲ್ಲು ಬಿಟ್ಟು ನಗುವ ಒಂದು ಮಗುವಿನ ಚಿತ್ರ. ಆ ಮಗು ಎಲ್ಲಿಯದು ಅಂತ ಇವಳು ಒಮ್ಮೆ ವಿಚಾರಿಸಿದ್ದಳು. ಯಾರಿಗೂ ಗೊತ್ತಿರಲಿಲ್ಲ.

ಹಾಗೆ ನೋಡಿದರೆ ತವರ ಅವಳಿಗೆ ಹೊಸದಲ್ಲ, ಹುಟ್ಟಿ ಬೆಳೆದದ್ದೇ ಅದರ ಹೊಗೆಯಲ್ಲಿ. ಅಪ್ಪ ಕಲಾಯಿ ಹಾಕುವವನು. ಮನೆಯ ಕೆಳಗೇ ತಗಡಿನ ಸೂರಿನ ಅಂಗಡಿ. ನೆಲದಲ್ಲಿ ಒಂದು ಮೊಳದ ಗುಂಡಿ, ಅದೇ ಕುಲುಮೆ. ಪಕ್ಕದಲ್ಲಿ ಕೈಯಲ್ಲಿ ತಿರುಗಿಸುವ ಗಾಳಿಯಂತ್ರ, ನೀರಿನ ತೊಟ್ಟಿ, ಹತ್ತಿ ತುಂಬಿದ ಡಬ್ಬ. ತಾಮ್ರದ ಪಾತ್ರೆಯನ್ನು ಮರಳು ಹಾಕಿ ತಿಕ್ಕಿ, ಕೆಂಡದ ಮೇಲೆ ಕಾಯಿಸಿ, ನವಸಾಗರದ ಪುಡಿ ಎರಚಿದನೆಂದರೆ ಬಿಳಿ ಹೊಗೆ ಬುಸ್ಸನೆ ಎದ್ದು ಗಲ್ಲಿಯವರೆಲ್ಲ ಕೆಮ್ಮುತ್ತ ಅವನಿಗೆ ಶಾಪ ಹಾಕುತ್ತಿದ್ದರು. ಆ ಹೊಗೆಯೊಳಗೇ ತವರದ ಕಡ್ಡಿ ಮುಟ್ಟಿಸಿ ಹತ್ತಿಯಿಂದ ಒಂದು ಸುತ್ತು ಒರೆಸಿದರೆ, ಮಂಕಾಗಿದ್ದ ಪಾತ್ರೆಯೊಳಗೆ ಮುಖ ಕಾಣುತ್ತಿತ್ತು. ಬೇರೆ ಕಲಾಯಿಯವರು ತವರಕ್ಕೆ ಸೀಸ ಬೆರೆಸುತ್ತಿದ್ದರು. ಸೀಸ ಅಗ್ಗ, ಉಣ್ಣುವವರ ಹೊಟ್ಟೆಗೆ ಮಾತ್ರ ವಿಷ. ಅಪ್ಪ ಬೆರೆಸಲಿಲ್ಲ. ಹೊಸ ಕಡ್ಡಿ ತಂದಾಗಲೆಲ್ಲ ಕಿವಿಯ ಹತ್ತಿರ ಹಿಡಿದು ಬಗ್ಗಿಸಿ ನೋಡುತ್ತಿದ್ದ. ಅಪ್ಪಟ ತವರವನ್ನು ಬಗ್ಗಿಸಿದರೆ ಒಳಗಿನಿಂದ ಕಿರ್ರ್ ಅಂತ ಸಣ್ಣ ಸದ್ದು ಬರುತ್ತದೆ, ಸೀಸ ಬೆರೆತಿದ್ದರೆ ಬರುವುದಿಲ್ಲ. ಅವಳು ಚಿಕ್ಕವಳಿದ್ದಾಗ ಅವಳ ಕಿವಿಗೂ ಹಿಡಿಯುತ್ತಿದ್ದ.

“ಕೇಳಿಸ್ತಾ? ಅಳ್ತಾ ಇದೆ ನೋಡು. ಅತ್ತರೆ ಒಳ್ಳೇ ಮಾಲು ಅಂತ,” ಅನ್ನುತ್ತಿದ್ದ.

ಸ್ಟೀಲು ಬಂದು ಕಲಾಯಿಯ ಕಾಲ ಮುಗಿದರೂ ಕೆಲವು ಹೋಟೆಲಿನವರು ತಮ್ಮ ತಾಮ್ರದ ಹಂಡೆಗಳನ್ನು ಇನ್ನೂ ಅಪ್ಪನ ಹತ್ತಿರವೇ ತರುತ್ತಿದ್ದರು. ಆ ಮುದುಕ ಬೆರೆಸುವುದಿಲ್ಲ ಅನ್ನುವ ಒಂದು ಮಾತಿಗಾಗಿ ಬರುತ್ತಿದ್ದರು. ಅಪ್ಪನ ಇಡೀ ಆಸ್ತಿ ಅಂದರೆ ಆ ಒಂದು ಮಾತು.

ತಪ್ಪು ಆದದ್ದು ಕಂಪನಿ ಹೊಸ ಸಾಫ್ಟ್‌ವೇರು ತಂದಾಗ. ಹೇಳಿಕೊಡಲು ಬಂದವನೊಬ್ಬ, ಅಭ್ಯಾಸಕ್ಕೆ ಅಂತ ಎಲ್ಲರೂ ಒಂದೊಂದು ಕುಲುಮೆಯ ಹೆಸರು ತುಂಬಿ ನೋಡಿ ಅಂದ. ನಿಜವಾದ ಹೆಸರು ಹಾಕಿ ಏನಾದರೂ ಎಡವಟ್ಟಾದರೆ ಅಂತ ಹೆದರಿ ಇವಳು ತಮಾಷೆಗೆ ‘ಅಪ್ಪನ ಕುಲುಮೆ’ ಅಂತ ಹಾಕಿ, ಮನೆಯ ವಿಳಾಸ ಕೊಟ್ಟಳು. ಕರಗಿಸುವ ಲೋಹ: ತವರ. ಬಂದೂಕಿನವರ ಸಂಪರ್ಕ: ಇಲ್ಲ. ಪಕ್ಕದ ಮೇಜಿನವಳಿಗೆ ತೋರಿಸಿ ಇಬ್ಬರೂ ನಕ್ಕರು. ಅಭ್ಯಾಸದ್ದನ್ನೆಲ್ಲ ಸಂಜೆ ಅಳಿಸುತ್ತೇನೆ ಅಂದಿದ್ದ ಆ ಪುಣ್ಯಾತ್ಮ ಅಳಿಸುವ ಮೊದಲೇ ಬೇರೆ ಕಡೆ ಕೆಲಸ ಹಿಡಿದು ಹೋದ. ಅಪ್ಪನ ಕುಲುಮೆ ನಿಜವಾದ ಕುಲುಮೆಗಳ ಸಾಲಿನಲ್ಲಿ ಕೂತು ಹಲಗೆಯವರಿಗೆ ಹೋಯಿತು, ಅಲ್ಲಿಂದ ಫೋನಿನವರಿಗೆ ಹೋಯಿತು. ಈ ಜನರಲ್ಲಿ ಒಂದು ಪದ್ಧತಿಯಿದೆ. ಇನ್ನೊಬ್ಬರ ಪಟ್ಟಿಯಲ್ಲಿ ಒಂದು ಕುಲುಮೆ ಕಂಡರೆ ತಮ್ಮ ಪಟ್ಟಿಗೂ ಸೇರಿಸಿಕೊಂಡುಬಿಡುತ್ತಾರೆ, ಯಾಕೆಂದರೆ ಹೆಚ್ಚಿದ್ದರೆ ಯಾರೂ ಬೈಯುವುದಿಲ್ಲ, ಕಡಿಮೆಯಿದ್ದರೆ ಬೈಯುತ್ತಾರೆ. ಹೀಗೆ ಕಂಡು ಕಂಡು ಸೇರಿಸಿ, ಎಲ್ಲಿ ಯಾವ ಕಂಪನಿಯ ಪಟ್ಟಿ ತೆಗೆದರೂ ಮುದುಕನ ಒಂದು ಮೊಳದ ಗುಂಡಿ ಅದರಲ್ಲಿರುವ ಹಾಗಾಯಿತು. ಒಬ್ಬನೇ ಒಬ್ಬ ಎದ್ದು ಹೋಗಿ ನೋಡಲಿಲ್ಲ.

ಇವಳು ಅದನ್ನು ಮರೆತೇಬಿಟ್ಟಿದ್ದಳು. ಕೆಲವು ವರ್ಷಗಳಾದ ಮೇಲೆ ಒಂದು ಮಧ್ಯಾಹ್ನ, ಹೊಸ ವ್ಯಾಪಾರಿಯೊಬ್ಬನ ಉತ್ತರ ಬಂತು. ನಾವು ನಿಮಗೆ ಮಾರುತ್ತಿರುವ ತವರ ಕರಗಿದ್ದು ಅಪ್ಪನ ಕುಲುಮೆಯಲ್ಲಿ ಅಂತ ಬರೆದು, ಕೆಳಗೆ ಅವಳ ಮನೆಯ ವಿಳಾಸವನ್ನೇ ಕೊಟ್ಟಿದ್ದ. ಮೊದಲು ಅವಳಿಗೆ ತಡೆಯಲಾರದ ನಗು ಬಂತು. ಕಣ್ಣೊರೆಸಿಕೊಂಡು ಕೆಳಗೆ ಓದಿದಾಗ ಲಾರಿಗಟ್ಟಲೆ ತೂಕ ಕಂಡಿತು. ಅಪ್ಪ ಜನ್ಮಪೂರ್ತಿ ಕರಗಿಸಿದ್ದಕ್ಕಿಂತ ಹೆಚ್ಚಿನ ತವರ ಒಂದೇ ಸಲದ ಸರಕಿನಲ್ಲಿತ್ತು. ನಗು ಅಲ್ಲಿಗೇ ನಿಂತಿತು. ಎಲ್ಲಿಯದೆಂದು ಹೇಳಲಾಗದ ಅದಿರು ಯಾರ ಹತ್ತಿರವೋ ರಾಶಿ ಬಿದ್ದಿದೆ. ಅದಕ್ಕೊಂದು ಮರ್ಯಾದಸ್ಥ ಹೆಸರು ಬೇಕು. ಇಷ್ಟು ವರ್ಷದಲ್ಲಿ ಒಂದೇ ಒಂದು ದೂರು ಬರದ ಕುಲುಮೆ ಯಾವುದು ಅಂತ ಹುಡುಕಿದ್ದಾರೆ, ಅಪ್ಪನದು ಸಿಕ್ಕಿದೆ. ಇಲ್ಲದ ಕುಲುಮೆಯ ಮೇಲೆ ದೂರು ಎಲ್ಲಿಂದ ಬರಬೇಕು? ಜೀವಮಾನವಿಡೀ ಏನನ್ನೂ ಬೆರೆಸದ ಮನುಷ್ಯನ ಹೆಸರಿನೊಳಗೆ ಯಾರೋ ರಕ್ತ ಬೆರೆಸುತ್ತಿದ್ದಾರೆ, ಬಾಗಿಲು ತೆರೆದು ಕೊಟ್ಟವಳು ನಾನು ಅಂತ ಅವಳಿಗೆ ಹೊಳೆಯಿತು. ಹೇಗಾದರೂ ಆ ಹೆಸರನ್ನು ಅಲ್ಲಿಂದ ತೆಗೆಸಲೇಬೇಕು ಅಂದುಕೊಂಡಳು.

ನೇರ ಮ್ಯಾನೇಜರನ ಕೋಣೆಗೆ ಹೋಗಿ ಇದ್ದದ್ದನ್ನು ಇದ್ದ ಹಾಗೆ ಒಪ್ಪಿಸಿದಳು. ಅವನ ಮೇಜಿನ ಮೇಲೆ ಕೈ ಶುದ್ಧ ಮಾಡಿಕೊಳ್ಳುವ ದ್ರಾವಣದ ಸೀಸೆ ಸದಾ ಇರುತ್ತಿತ್ತು. ಒಂದು ಸಹಿ ಹಾಕಿದರೆ ಒಂದು ಸಲ ಒತ್ತಿ ಕೈ ಉಜ್ಜಿಕೊಳ್ಳುತ್ತಿದ್ದ. ಈಗಲೂ ಉಜ್ಜಿಕೊಂಡ.

“ತೆಗೀಬಹುದು ರೀ. ತೆಗೆದ ಮೇಲೆ? ಇಷ್ಟು ವರ್ಷ ಹೇಳಿದ್ದೆಲ್ಲ ಸುಳ್ಳು ಅಂತ ನಾವೇ ಬರೆದುಕೊಟ್ಟ ಹಾಗಾಯ್ತು,” ಅಂದ. “ಇರೋದನ್ನ ತೆಗೆಯೋಕೆ ಹೋದ್ರೆ ಎಲ್ಲರೂ ಕಾರಣ ಕೇಳ್ತಾರೆ. ಇಲ್ಲದ್ದನ್ನ ಇಟ್ಕೊಂಡ್ರೆ ಯಾರೂ ಕೇಳಲ್ಲ.”

ಆಮೇಲೆ ಅವನೇ ಒಂದು ದಾರಿ ತೋರಿಸಿದ. ಕುಲುಮೆಗಳನ್ನು ಪರೀಕ್ಷಿಸುವ ಹೊರಗಿನ ಸಂಸ್ಥೆಯೊಂದಿದೆ. ಅವರನ್ನು ಕರೆಸೋಣ, ಅವರೇ ಬಂದು ನೋಡಿ ಹೊಡೆದು ಹಾಕಲಿ, ನಮ್ಮ ಕೈಗೆ ಮಸಿ ಹತ್ತುವುದಿಲ್ಲ. ಅವಳಿಗೆ ಇದು ಸರಿ ಕಂಡಿತು. ಕಣ್ಣಿದ್ದವರು ಯಾರೇ ಆ ಅಂಗಡಿಯ ಬಾಗಿಲಲ್ಲಿ ಒಂದು ಸಲ ನಿಂತರೂ ಸಾಕು, ಮುಗಿಯಿತು. ಮನೆಗೆ ಬಂದು ಅಪ್ಪನಿಗೆ, ನಿನ್ನ ಕೆಲಸ ನೋಡಲು ಯಾರೋ ಬರುತ್ತಾರೆ ಅಂದಳು. ಯಾಕೆ ಅಂತ ಮಾತ್ರ ಹೇಳಲಿಲ್ಲ.

ಅಪ್ಪ ಅಂಗಡಿ ಗುಡಿಸಿ, ತೊಟ್ಟಿಯ ನೀರು ಬದಲಾಯಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಕಾದ. ಬಂದವಳು ಸಣ್ಣ ವಯಸ್ಸಿನ ಹುಡುಗಿ. ಮೊದಲು ಚೀಲದಿಂದ ಹೆಲ್ಮೆಟ್ಟು ತೆಗೆದು ಹಾಕಿಕೊಂಡಳು. ಅಂಗಡಿಯ ತಗಡು ಎಷ್ಟು ತಗ್ಗಿತ್ತೆಂದರೆ ಹೆಲ್ಮೆಟ್ಟು ಮೂರು ಸಲ ಬಡಿದು, ಕೊನೆಗೆ ಅವಳು ಬಗ್ಗಿಕೊಂಡೇ ಪ್ರಶ್ನೆ ಕೇಳಬೇಕಾಯಿತು. ಅಪ್ಪನನ್ನು ಅವಳು ಸರ್ ಅಂತ ಕರೆದಳು. ಅಪ್ಪ ಹಿಂದೆ ಯಾರೋ ಬಂದಿರಬೇಕೆಂದು ತಿರುಗಿ ನೋಡಿದ.

ಇಲ್ಲಿ ಬಂದೂಕು ಹಿಡಿದ ಕಾವಲಿನವರು ಇದ್ದಾರಾ ಅಂತ ಕೇಳಿದಳು. ಅಪ್ಪ ಪೊರಕೆ ಹಿಡಿದು ನಿಂತಿದ್ದ ಅಮ್ಮನ ಕಡೆ ಕೈ ತೋರಿಸಿ, ಇವಳೊಬ್ಬಳೇ ಅಂದ. ಹುಡುಗಿ ಇಲ್ಲ ಅಂತ ಗುರುತು ಹಾಕಿಕೊಂಡಳು. ಯಾರನ್ನಾದರೂ ಬಲವಂತವಾಗಿ ದುಡಿಸಿಕೊಳ್ಳುತ್ತೀರಾ ಅಂದಾಗ ಅಮ್ಮ, ಮದುವೆಯಾದ ದಿನದಿಂದ ಅಂದಳು. ಅದಕ್ಕೂ ಇಲ್ಲ ಅಂತಲೇ ಗುರುತು ಬಿತ್ತು. ತವರ ಎಲ್ಲಿಂದ ತರುತ್ತೀರಿ ಅನ್ನುವ ಪ್ರಶ್ನೆಗೆ ಅಪ್ಪ ನೆಟ್ಟಗೆ ಕೂತ. ಪೇಟೆ ಬೀದಿಯ ಲೋಹದ ಅಂಗಡಿಯಿಂದ ತರುತ್ತೇನೆ, ಒಂದೊಂದು ಕಡ್ಡಿಯನ್ನೂ ಪರೀಕ್ಷೆ ಮಾಡದೆ ಬೆಂಕಿಗೆ ಹಿಡಿಯುವುದಿಲ್ಲ ಅಂದು, ಕಡ್ಡಿಯೊಂದನ್ನು ಅವಳ ಕಿವಿಗೆ ಹಿಡಿದು ಬಗ್ಗಿಸಿ ತೋರಿಸಿದ. ಹುಡುಗಿಗೆ ಖುಷಿಯಾಯಿತು. ‘ಪರಿಚಿತ ಮೂಲ, ಪ್ರತಿ ಸಲ ಖುದ್ದು ಪರೀಕ್ಷೆ’ ಅಂತ ಬರೆದುಕೊಂಡಳು.

ಇವಳು ದಿಗಿಲುಗೊಂಡು ಆ ಹುಡುಗಿಯನ್ನು ಗಲ್ಲಿಯ ತುದಿಯವರೆಗೂ ಹಿಂಬಾಲಿಸಿ ಹೋಗಿ ನಿಲ್ಲಿಸಿದಳು. ಇದು ಅದಿರು ಕರಗಿಸುವ ಕುಲುಮೆಯೇ ಅಲ್ಲ, ಪಾತ್ರೆಗೆ ಕಲಾಯಿ ಹಾಕುವ ಗುಂಡಿ, ನಾನೇ ಮಾಡಿದ ತಪ್ಪು, ದಯವಿಟ್ಟು ಹಾಗಂತಲೇ ಬರೆಯಿರಿ ಅಂತ ಕೇಳಿಕೊಂಡಳು. ಹುಡುಗಿ ಹೆಲ್ಮೆಟ್ಟು ತೆಗೆದು ಬೆವರು ಒರೆಸಿಕೊಂಡಳು. ಕೆಟ್ಟವಳೇನಲ್ಲ, ಮುಖದಲ್ಲಿ ಸುಸ್ತಿತ್ತು.

“ನಂಗೂ ಕಣ್ಣಿದೆ ಮೇಡಂ,” ಅಂದಳು. “ಆದ್ರೆ ನಾನು ಬಂದಿರೋದು ಇಲ್ಲಿ ತಪ್ಪು ನಡೀತಿದೆಯಾ ಅಂತ ನೋಡೋಕೆ. ನಡೀತಿಲ್ಲ. ಬೆಂಕಿ ಇದೆ, ತವರ ಕರಗುತ್ತೆ, ಬಂದೂಕಿಲ್ಲ. ಎಷ್ಟು ಕರಗುತ್ತೆ ಅನ್ನೋ ಪ್ರಶ್ನೆ ನನ್ನ ಹತ್ರ ಇಲ್ಲ. ಅದಕ್ಕೆ ಬೇರೆ ವಿಭಾಗ ಮಾಡ್ತಾರಂತೆ, ಮುಂದಿನ ವರ್ಷ.”

ತಿಪ್ಪೆ ಸಾರಿಸುವುದು ಅನ್ನುತ್ತೇವಲ್ಲ, ಅದಕ್ಕೂ ಒಂದು ಕಲೆ ಬೇಕು. ಇವರು ಅದನ್ನು ಎಷ್ಟು ಚೆನ್ನಾಗಿ ಕಲಿತಿದ್ದಾರೆಂದರೆ, ಸಾರಿಸುವವರಲ್ಲಿ ಒಬ್ಬರ ಕೈಗೂ ವಾಸನೆ ಹತ್ತುವುದಿಲ್ಲ. ಒಬ್ಬರಿಗೆ ನೋಡುವ ಕೆಲಸ, ಒಬ್ಬರಿಗೆ ಬರೆಯುವ ಕೆಲಸ, ಇನ್ನೊಬ್ಬರಿಗೆ ಸಹಿ ಹಾಕುವ ಕೆಲಸ. ಪ್ರತಿಯೊಬ್ಬರೂ ಅವರವರ ಕೆಲಸವನ್ನು ನಿಯತ್ತಿನಿಂದಲೇ ಮಾಡುತ್ತಾರೆ, ಸುಳ್ಳು ಮಾತ್ರ ಯಾರದೂ ಅಲ್ಲದೆ ತಾನೇ ತಯಾರಾಗುತ್ತದೆ.

ತಿಂಗಳೊಳಗೆ ಪ್ರಮಾಣಪತ್ರ ಬಂತು. ದಪ್ಪ ಕಾಗದ, ಚಿನ್ನದ ಬಣ್ಣದ ಮುದ್ರೆ. ಈ ಕುಲುಮೆಯ ತವರ ಕಳಂಕರಹಿತ ಅಂತ ಮೇಲೆ, ಅಪ್ಪನ ಹೆಸರು ಕೆಳಗೆ. ಅಪ್ಪ ಅದನ್ನು ಗಾಜು ಹಾಕಿಸಿ ಅಂಗಡಿಯೊಳಗೆ ಬಾಗಿಲಿಗೆ ಎದುರಾದ ಗೋಡೆಗೆ ತೂಗುಹಾಕಿದ, ನವಸಾಗರದ ಹೊಗೆ ಹಿಡಿಯಬಾರದೆಂದು ದಿನಾ ಒರೆಸಿದ. ಗಲ್ಲಿಯವರು ಬಂದು ನೋಡಿದರು. ಅವನ ಹೊಗೆಗೆ ಶಾಪ ಹಾಕುತ್ತಿದ್ದವರೇ ಕೈ ಕುಲುಕಿದರು. ಊಟಕ್ಕೆ ಕೂತಾಗ ಅಪ್ಪ ತಟ್ಟೆ ನೋಡುತ್ತಲೇ, ಸೀಸ ಬೆರೆಸಲಿಲ್ಲ ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಒಂದು ಒಳ್ಳೆ ಮಾತು ಆಡಿರಲಿಲ್ಲ, ಎಲ್ಲೋ ಯಾರೋ ನೋಡುತ್ತಿದ್ದರು ಅಂತಾಯಿತು ಅಂದ. ಅವಳು ಬೇಗ ಬೇಗ ಉಂಡು ಎದ್ದಳು. ಹೇಳಬೇಕು, ಇವತ್ತೇ ಹೇಳಬೇಕು ಅಂತ ದಿನವೂ ಅಂದುಕೊಂಡಳು. ಅಪ್ಪ ಗಾಜು ಒರೆಸುವುದನ್ನು ನೋಡಿ ದಿನವೂ ಸುಮ್ಮನಾದಳು.

ಒಂದು ರಜೆಯ ದಿನ, ಅವಳು ಮೇಲೆ ಬಟ್ಟೆ ಒಣಗಿಸುತ್ತಿದ್ದಾಗ, ಗಲ್ಲಿಯ ಆಚೆ ಬದಿಯಲ್ಲಿ ಒಬ್ಬ ಮನುಷ್ಯ ಬಹಳ ಹೊತ್ತಿನಿಂದ ನಿಂತಿದ್ದ. ಬಡಕಲು ಮೈ, ತಂತಿ ಸುತ್ತಿ ರಿಪೇರಿ ಮಾಡಿದ ಚಪ್ಪಲಿ, ಕಂಕುಳಲ್ಲಿ ಪ್ಲಾಸ್ಟಿಕ್ ಚೀಲ. ಗೋಡೆಯ ಮೇಲಿನ ಗಾಜನ್ನು ನೋಡುವುದು, ಕೈಯಲ್ಲಿದ್ದ ಏನನ್ನೋ ನೋಡುವುದು ಮಾಡುತ್ತಿದ್ದ. ಕೊನೆಗೆ ದಾಟಿ ಬಂದು, ಅಪ್ಪನ ಕುಲುಮೆ ಅಂದರೆ ಇದೇನಾ ಅಂತ ಕೇಳಿದ. ಅಪ್ಪನ ಹೆಮ್ಮೆ ನೋಡಬೇಕಿತ್ತು. ಇದೇ, ಬನ್ನಿ ಕೂತುಕೊಳ್ಳಿ, ಪಾತ್ರೆ ಎಲ್ಲಿ ಅಂದ.

“ಪಾತ್ರೆ ಇಲ್ಲ ಯಜಮಾನ್ರೇ,” ಅಂದ ಅವನು. “ನನ್ನ ತಮ್ಮನ್ನ ನೋಡೋಕೆ ಬಂದೆ.”

ಮೇಲಿದ್ದ ಅವಳು ಕೈಯಲ್ಲಿದ್ದ ಒದ್ದೆ ಬಟ್ಟೆಯನ್ನು ಅಲ್ಲೇ ಬಿಟ್ಟಳು. ಮೆಟ್ಟಿಲಿಳಿದು ಬರುವಷ್ಟರಲ್ಲಿ ಅವನು ಕೈಯಲ್ಲಿದ್ದ ಗೋಣಿಯ ತುಂಡನ್ನು ಬಿಡಿಸಿ ಹರಡಿದ್ದ. ಅದರ ಮೇಲೆ ಅಂಟಿಸಿದ ಚೀಟಿಯಲ್ಲಿ ಸೇರಬೇಕಾದ ಸ್ಥಳ ಅಂತ ಈ ಗಲ್ಲಿಯ ವಿಳಾಸವೇ ಅಚ್ಚಾಗಿತ್ತು. ಅವನು ನಿಂತುಕೊಂಡೇ ಹೇಳಿದ. ಅವನ ಊರಿನ ಗುಡ್ಡದಲ್ಲಿ ಅದಿರು ಇದೆ. ಬಂದೂಕಿನವರು ಬಂದರು, ಮನೆಗೊಬ್ಬರಂತೆ ಎಳೆದುಕೊಂಡು ಹೋದರು. ಅವನ ಮನೆಯಿಂದ ತಮ್ಮ ಹೋದ. ಮೊದಲು ದೂರದಿಂದಲಾದರೂ ಕಾಣಿಸುತ್ತಿದ್ದ, ತಲೆಯ ಮೇಲೆ ಗೋಣಿ ಹೊತ್ತು ಇಳಿಯುತ್ತಿದ್ದ. ಆಮೇಲೆ ಕಾಣಿಸಲಿಲ್ಲ. ಕೇಳಿದಾಗ, ಅವನನ್ನು ಕುಲುಮೆಯ ಕೆಲಸಕ್ಕೆ ಕಳಿಸಿದ್ದೇವೆ, ಸುಖವಾಗಿದ್ದಾನೆ ಅಂದರು. ಯಾವ ಕುಲುಮೆ ಅಂತ ಕೇಳುವ ಧೈರ್ಯ ಯಾರಿಗಿದೆ? ಇವನು ಬಿದ್ದಿದ್ದ ಗೋಣಿಯಿಂದ ಈ ತುಂಡು ಕತ್ತರಿಸಿಕೊಂಡು, ಓದು ಬಲ್ಲವರ ಕೈಯಲ್ಲಿ ಓದಿಸಿಕೊಂಡು, ಲಾರಿ ಬದಲಿಸುತ್ತ ಬಂದಿದ್ದ.

ಅವನು ಅಂಗಡಿಯೊಳಗೆ ಕಣ್ಣು ಹಾಯಿಸಿದ. ಗುಂಡಿ, ತೊಟ್ಟಿ, ಹತ್ತಿಯ ಡಬ್ಬ.

“ದೊಡ್ಡ ಕುಲುಮೆ ಹಿಂದುಗಡೆ ಇದೆಯಾ?” ಅಂತ ಕೇಳಿದ.

ಅಪ್ಪ ಏನೂ ಅರ್ಥವಾಗದೆ ಮಗಳ ಮುಖ ನೋಡಿದ. ಇನ್ನು ತೇಪೆ ಹಚ್ಚಲು ಅವಳಲ್ಲಿ ಏನೂ ಉಳಿದಿರಲಿಲ್ಲ. ಅಲ್ಲೇ, ಆ ಮನುಷ್ಯನ ಎದುರಿಗೇ ಎಲ್ಲವನ್ನೂ ಹೇಳಿದಳು. ಅಭ್ಯಾಸಕ್ಕೆ ಬರೆದದ್ದು, ಅಳಿಸದೆ ಉಳಿದದ್ದು, ಲಾರಿಗಟ್ಟಲೆ ಸರಕು, ಹೆಲ್ಮೆಟ್ಟಿನ ಹುಡುಗಿ, ಈ ಪತ್ರ. ಹಿಂದುಗಡೆ ಕುಲುಮೆಯಿಲ್ಲ, ನಿಮ್ಮ ತಮ್ಮ ಇಲ್ಲಿಗೆ ಬಂದೇ ಇಲ್ಲ ಅಂದಳು. ಅವನಿಗೆ ಪೂರ್ತಿ ಅರ್ಥವಾಯಿತೋ ಇಲ್ಲವೋ, ಗೋಣಿಯ ತುಂಡನ್ನು ಮತ್ತೆ ಮಡಚಲು ಶುರುಮಾಡಿದ, ಮಡಿಕೆ ಸರಿಬಾರದೆ ಬಿಚ್ಚಿ ಮತ್ತೆ ಮಡಚಿದ.

ಅಪ್ಪ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

“ನಾನು ಪೇಟೆ ಬೀದಿಯಿಂದ ತರೋ ಕಡ್ಡಿ?” ಅಂತ ಕೇಳಿದ.

“ನಮ್ಮ ಕಂಪನಿಯಲ್ಲಿ ಉಳಿದ ತವರದ ಚೂರುಪಾರೇ ಅಪ್ಪಾ ಆ ಅಂಗಡಿಗೆ ಹೋಗೋದು.”

ಅಪ್ಪ ಎದ್ದು ಹೋಗಿ ತೊಟ್ಟಿಯಲ್ಲಿ ಕೈ ತೊಳೆದ. ಒರೆಸಿಕೊಂಡು, ಮೂಸಿ ನೋಡಿ, ಮತ್ತೆ ಹೋಗಿ ತೊಳೆದ. ಜೀವಮಾನವಿಡೀ ಕಿವಿಗೆ ಹಿಡಿದು ಕೇಳಿದ ಸದ್ದು, ಮಗುವಿಗೂ ಕೇಳಿಸಿ ನಗಿಸಿದ ಸದ್ದು ಈಗ ಅವನಿಗೆ ಹೇಗೆ ಕೇಳಿಸುತ್ತಿತ್ತೋ ಅವನಿಗೇ ಗೊತ್ತು. ತೊಟ್ಟಿಯಿಂದ ಒಂದು ಬಕೆಟ್ಟು ನೀರು ಎತ್ತಿ ಉರಿಯುತ್ತಿದ್ದ ಕೆಂಡದ ಮೇಲೆ ಸುರಿದ. ಅಂಗಡಿಯ ತುಂಬ ಬೂದಿ ಎದ್ದಿತು. ಗೋಡೆಯ ಪತ್ರವನ್ನು ಇಳಿಸಿ ಗಾಜು ಕೆಳಗಾಗಿ ಮಗಳ ಕೈಗಿಟ್ಟು, ಎಲ್ಲಿಂದ ಬಂತೋ ಅಲ್ಲಿಗೇ ಕೊಟ್ಟು ಬಾ ಅಂದ. ಅಮ್ಮ ಬಂದವನಿಗೆ ತಟ್ಟೆ ಹಾಕಿ ಊಟ ಬಡಿಸಿದಳು. ಅವನು ತಟ್ಟೆಯ ಮುಂದೆ ಕೂತ, ತುತ್ತು ಕಲಸಿದ, ತಲೆಯೆತ್ತಿ ಮಗಳನ್ನೇ ಕೇಳಿದ.

“ಮಣ್ಣು ಎಲ್ಲಿಂದ ಬಂತು ಅಂತ ಕೇಳೋಕೆ ಇಷ್ಟು ಜನ ಇದ್ದೀರಲ್ಲ ಅಕ್ಕಾ. ಅವನು ಎಲ್ಲಿಗೆ ಹೋದ ಅಂತ ಅವರನ್ನೇ ಒಂದು ಮಾತು ಕೇಳಿ ನೋಡ್ತೀರಾ?”

ಮರುದಿನ ಅವಳು ಪತ್ರವನ್ನು ಮ್ಯಾನೇಜರನ ಮೇಜಿನ ಮೇಲಿಟ್ಟು, ಅಪ್ಪ ಅಂಗಡಿ ಮುಚ್ಚಿದ ಅಂದಳು. ಅವನ ಮುಖ ಅರಳಿತು. ಸ್ವಂತ ಇಚ್ಛೆಯಿಂದ ಮುಚ್ಚಲಾಗಿದೆ ಅಂತ ತುಂಬಿಬಿಡಿ, ಇದಕ್ಕಿಂತ ಒಳ್ಳೆಯ ಮುಕ್ತಾಯ ಇಲ್ಲ, ಪತ್ರದ ಅವಧಿ ಇರುವವರೆಗೂ ಹಳೆಯ ದಾಸ್ತಾನು ಅದೇ ಹೆಸರಿನಲ್ಲಿ ಬರಬಹುದು ಅಂದ. ಹಳೆಯ ದಾಸ್ತಾನು ಅಂತ ಯಾವುದೂ ಇಲ್ಲ ಅಂದಳು. ಬರುತ್ತಾ ಇರುತ್ತೆ ಅಂದ. ಆಗ ಅವಳು ತಮ್ಮನನ್ನು ಹುಡುಕಿಕೊಂಡು ಬಂದವನ ಸಂಗತಿ ಹೇಳಿದಳು. ಪೂರ್ತಿ ಕೇಳಿಸಿಕೊಂಡ, ಛೆ ಅಂತಲೂ ಅಂದ.

“ಪಾಪ. ಆದ್ರೆ ಅದಕ್ಕೆ ನಮ್ಮಲ್ಲಿ ಕಾಲಂ ಇಲ್ಲ ರೀ,” ಅಂದು ಸೀಸೆ ಒತ್ತಿ ಕೈ ಉಜ್ಜಿಕೊಂಡ.

ಅವಳು ತನ್ನ ಮೇಜಿಗೆ ಬಂದು ಕೂತಳು. ವರ್ಷಗಟ್ಟಲೆ ಕಳಿಸಿದ ಅದೇ ಪ್ರಶ್ನೆಯ ನಮೂನೆ ತೆರೆದಳು. ವಸ್ತು ಅನ್ನುವ ಕಡೆ ತವರ ಅಂತ ಇರುತ್ತಿದ್ದ ಜಾಗದಲ್ಲಿ ಆ ತಮ್ಮನ ಹೆಸರು ಹಾಕಿದಳು. ಗುರುತು ಅನ್ನುವ ಕಡೆ, ಎಡಹುಬ್ಬಿನ ಮೇಲೆ ಗಾಯದ ಕಲೆ, ಹೋಗುವಾಗ ನೀಲಿ ಅಂಗಿ ತೊಟ್ಟಿದ್ದ ಅಂತ ಬರೆದಳು. ಮೂಲ: ಇಂಥ ಗುಡ್ಡ. ಅವನ ಅಣ್ಣ ಕೊಟ್ಟಿದ್ದ ಮಾಸಿದ ಫೋಟೋ ಲಗತ್ತಿಸಿದಳು. ಇದು ಈಗ ಎಲ್ಲಿದೆ, ತಿಳಿಸಿ ಅಂತ ಕೆಳಗಿನ ವ್ಯಾಪಾರಿಗಳಿಗೂ ಮೇಲಿನ ಫೋನಿನವರಿಗೂ, ಅಪ್ಪನ ಕುಲುಮೆಯನ್ನು ಪಟ್ಟಿಯಲ್ಲಿಟ್ಟುಕೊಂಡ ಪ್ರತಿಯೊಂದು ಕಂಪನಿಗೂ ಕಳಿಸಿದಳು. ಜರಡಿಯ ಕಣ್ಣು ಮತ್ತೆ ಸಣ್ಣದಾದದ್ದು ಅವತ್ತು. ಕೆಲಸ ಹೋದರೆ ಹೋಗಲಿ ಅಂದುಕೊಂಡಾಗಿತ್ತು.

ಈವರೆಗೆ ಅವಳ ಯಾವ ಪ್ರಶ್ನೆಗೂ ಅಷ್ಟು ಬೇಗ ಉತ್ತರ ಬಂದಿರಲಿಲ್ಲ. ಯಾರೂ ಓದಿರಲಿಲ್ಲ, ಅದಕ್ಕೇ ಬೇಗ ಬಂದದ್ದು. ‘ಸದರಿ ವಸ್ತುವನ್ನು ನಮ್ಮ ಉತ್ಪನ್ನಗಳಲ್ಲಿ ಬಳಸುವುದಿಲ್ಲ.’ ‘ನಮಗೆ ತಿಳಿದಿರುವ ಮಟ್ಟಿಗೆ ನಮ್ಮ ಸರಪಳಿಯಲ್ಲಿ ಇಲ್ಲ.’ ‘ನಿಮ್ಮ ಕಾಳಜಿಗೆ ಧನ್ಯವಾದ.’ ಒಂದರ ಹಿಂದೆ ಒಂದು ಬೀಳುತ್ತಲೇ ಹೋದವು. ಎಲ್ಲರಿಗಿಂತ ದೊಡ್ಡ ಫೋನಿನ ಕಂಪನಿಯದು ಕೊನೆಗೆ ಬಂತು. ಅದರಲ್ಲಿ ಹೀಗಿತ್ತು: ‘ಇದ್ದರೂ, ಅನುಮತಿಸಿದ ಮಿತಿಗಿಂತ ಕಡಿಮೆ ಪ್ರಮಾಣದಲ್ಲಿರಬಹುದು.’

ಅವಳು ಅದನ್ನು ಎರಡು ಸಲ ಓದಿದಳು. ಎದ್ದು ಪಕ್ಕದ ಶೌಚಾಲಯಕ್ಕೆ ಹೋಗಿ, ಬೆಳಗ್ಗೆ ತಿಂದದ್ದನ್ನೆಲ್ಲ ಕಕ್ಕಿದಳು. ಮುಖ ತೊಳೆದುಕೊಂಡು ಬಂದು, ಚೀಲ ಹೆಗಲಿಗೆ ಹಾಕಿ, ಯಾರಿಗೂ ಹೇಳದೆ ಮೂರು ಮಹಡಿ ಇಳಿದು ಮನೆಯ ದಾರಿ ಹಿಡಿದಳು.

ಅಂಗಡಿಯ ಬಾಗಿಲು ಅರ್ಧ ತೆರೆದಿತ್ತು. ತಣ್ಣಗಾದ ಗುಂಡಿಯ ಈಚೆಗೆ ಅಪ್ಪ, ಆಚೆಗೆ ಅವನು, ಇಬ್ಬರೂ ಕೂತಿದ್ದರು. ಗೋಡೆಯ ಮೇಲೆ ಪತ್ರ ಇದ್ದ ಜಾಗ ಮಾತ್ರ ಬೆಳ್ಳಗಿತ್ತು. ಅವಳನ್ನು ಕಂಡು ಅವನು ಎದ್ದು ನಿಂತ.

“ಕೇಳಿದ್ರಾ ಅಕ್ಕಾ?”

“ಎಲ್ಲರನ್ನೂ ಕೇಳಿದೆ,” ಅಂದಳು.

ಅವನ ಮುಖದಲ್ಲಿ ಒಂದು ನೆಮ್ಮದಿ ಬಂತು. ಇಷ್ಟು ದೂರ ಬಂದದ್ದಕ್ಕೆ ಸಾರ್ಥಕ ಆಯಿತು, ಉತ್ತರ ಬರುವ ತನಕ ಇಲ್ಲೇ ಜಗಲಿಯ ಮೇಲೆ ಇರುತ್ತೇನೆ, ಯಾರಿಗೂ ತೊಂದರೆ ಕೊಡುವುದಿಲ್ಲ ಅಂತ ಹೇಳಿ ಮತ್ತೆ ಕೂತ. ಅವಳ ಬಾಯಿಗೆ ಅಭ್ಯಾಸಬಲದಿಂದ ಆ ಹಳೆಯ ಮಾತೇ ಬಂತು. ತಿಳಿದಿರುವ ಮಟ್ಟಿಗೆ, ಇನ್ನೂ ವಿಚಾರಣೆಯಲ್ಲಿದೆ, ಕಾದು ನೋಡೋಣ. ಅಪ್ಪ ಅವಳನ್ನೇ ನೋಡುತ್ತಿದ್ದ.

“ಹೇಳು ಮಗಳೇ,” ಅಂದ. “ಬೆರೆಸಬೇಡ.”

ಅವಳು ಗುಂಡಿಯ ಪಕ್ಕದಲ್ಲಿ, ಬೂದಿಯ ಮೇಲೇ ಕೂತಳು.

“ಉತ್ತರ ಬಂದಾಯ್ತು ಅಣ್ಣಾ,” ಅಂದಳು. “ಇಷ್ಟು ವರ್ಷ ನಾವು ಹುಡುಕಿದ್ದು ತವರಾನ. ನಿಮ್ಮ ತಮ್ಮನ್ನ ಯಾರೂ ಹುಡುಕ್ತಾ ಇಲ್ಲ.”